‘ಕುಡಿದ, ಸತ್ತ’ ಎಂದರೆ ಮುಗಿಯಿತೆ?

ಬಿನ್ನಿಪೇಟೆಯ ಓಣಿಗಳಲ್ಲಿ ಸಾವಿನ ಮನೆಯ ಮುಂದೆ ನಿಂತರೆ ಒಂದು ಮಾತು ಕೇಳಿಬರುತ್ತದೆ: “ಕುಡಿದ, ಸತ್ತ.” ಹೊಟ್ಟೆ ಊದಿಕೊಂಡು, ಕಣ್ಣು ಹಳದಿಯಾಗಿ, ರಕ್ತ ವಾಂತಿ ಮಾಡಿಕೊಂಡು ನಲವತ್ತೈದರ ಪ್ರಾಯದಲ್ಲಿ ಹೋದ ದುಡಿಮೆಗಾರನ ಮೇಲೆ ನಮ್ಮ ಸಮಾಜ ಬರೆಯುವ ಮರಣಪತ್ರ ಇಷ್ಟೇ. ಎರಡೇ ಪದ. ವೈದ್ಯರ ಸಹಿ ಬೇಕಿಲ್ಲ, ರಕ್ತ ಪರೀಕ್ಷೆ ಬೇಕಿಲ್ಲ, ವಿಚಾರಣೆಯಂತೂ ಬೇಕೇ ಇಲ್ಲ. ಸತ್ತವನೇ ಆರೋಪಿ, ಸತ್ತವನೇ ಅಪರಾಧಿ. ಉಳಿದವರೆಲ್ಲರೂ ಕೈ ತೊಳೆದುಕೊಂಡು ಮನೆಗೆ ಹೋಗಬಹುದು.

ಈ ಎರಡು ಪದಗಳ ತೀರ್ಪನ್ನು ನಾವು ಒಪ್ಪುವುದಿಲ್ಲ. ಯಕೃತ್ತು, ಅಂದರೆ ಜನ ಲಿವರ್ ಎಂದು ಕರೆಯುವ ಪಿತ್ತಜನಕಾಂಗ, ಕೆಡುವುದಕ್ಕೆ ಮದ್ಯ ಒಂದು ಕಾರಣ, ದೊಡ್ಡ ಕಾರಣವೇ. ಆದರೆ ಅದೊಂದೇ ಅಲ್ಲ. ಮದ್ಯವೇ ಕಾರಣವಾದಾಗಲೂ ಆ ಮದ್ಯವನ್ನು ಮಾರಿದವರು ಯಾರು, ಲಾಭ ಎಣಿಸಿದವರು ಯಾರು, ರೋಗ ಇನ್ನೂ ಎಳೆಯದಾಗಿದ್ದಾಗ ಒಂದು ಹನಿ ರಕ್ತ ಪರೀಕ್ಷಿಸಿ ಎಚ್ಚರಿಸಬೇಕಾಗಿದ್ದವರು ಯಾರು, ಎಂಬ ಪ್ರಶ್ನೆಗಳು ಉಳಿದೇ ಇರುತ್ತವೆ. ಅವುಗಳನ್ನು ಹೆಣದ ಜೊತೆ ಸುಡಲು ನಾವು ಬಿಡಬಾರದು.

ಪೇಟೆಯ ಕಥೆ

ಬಿನ್ನಿಪೇಟೆಗೆ ಆ ಹೆಸರು ಬಂದದ್ದು ಗಿರಣಿಯಿಂದ. 1884ರಲ್ಲಿ ಶುರುವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಮದರಾಸಿನ ಬಿನ್ನಿ ಕಂಪನಿಯ ಕೈಗೆ ಹೋಯಿತು. ಪೇಟೆಗೂ ಕಂಪನಿಯ ಹೆಸರೇ ಅಂಟಿತು. ತಲೆಮಾರುಗಟ್ಟಲೆ ಜನ ಅಲ್ಲಿ ನೂಲು ತೆಗೆದರು, ನೇಯ್ದರು, ಕಂಬಳಿಯನ್ನೂ ಖಾಕಿಯನ್ನೂ ಹೊರಗೆ ಕಳಿಸಿದರು. ಇಂದು ಸೈರನ್ ಇಲ್ಲ, ಗಿರಣಿಯೂ ಇಲ್ಲ. ಆ ನೆಲದ ಮೇಲೆ ಬಹುಮಹಡಿ ಮನೆಗಳೂ ಮಾಲೂ ನಿಂತಿವೆ. ಗಿರಣಿ ಕಾರ್ಮಿಕನ ಮಗ ಈಗ ಸರಕು ಹೊರುತ್ತಾನೆ, ಆಟೋ ಓಡಿಸುತ್ತಾನೆ, ಗೂಡಂಗಡಿ ಇಟ್ಟಿದ್ದಾನೆ. ಮಗಳು ಮೈಸೂರು ರಸ್ತೆಯ ಕಡೆಯ ಗಾರ್ಮೆಂಟ್ ಕಾರ್ಖಾನೆಗೆ ಹೋಗುತ್ತಾಳೆ. ನೆಲದ ಬೆಲೆ ಏರಿತು. ಆ ನೆಲದ ಮೇಲೆ ದುಡಿದ ದೇಹದ ಬೆಲೆ ಏರಲಿಲ್ಲ. ದಾವಣಗೆರೆಯ ಗಿರಣಿಗಳು ಮುಚ್ಚಿದ್ದನ್ನು ಕಂಡವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ದೇಹದೊಳಗೆ, ಬಲಗಡೆಯ ಪಕ್ಕೆಲುಬಿನ ಕೆಳಗೆ, ಸುಮಾರು ಒಂದೂವರೆ ಕಿಲೋ ತೂಕದ ಒಂದು ಕಾರ್ಖಾನೆಯಿದೆ. ಅದೇ ಯಕೃತ್ತು. ಉಂಡದ್ದನ್ನು ದೇಹಕ್ಕೆ ಒಗ್ಗುವಂತೆ ಮಾಡುವುದು, ಸಕ್ಕರೆ ಕೂಡಿಡುವುದು, ಪಿತ್ತರಸ ತಯಾರಿಸುವುದು, ಗಾಯವಾದರೆ ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಒದಗಿಸುವುದು, ಒಳಗೆ ಬಿದ್ದ ವಿಷವನ್ನು ಹೊರಗೆ ಹಾಕುವುದು, ಎಲ್ಲವೂ ಇದರದೇ ಪಾಳಿ. ರಜೆ ಇಲ್ಲ, ಮುಷ್ಕರ ಇಲ್ಲ. ಮುಕ್ಕಾಲು ಭಾಗ ಕೆಟ್ಟರೂ ಸದ್ದಿಲ್ಲದೆ ಕೆಲಸ ಮಾಡುತ್ತಲೇ ಇರುತ್ತದೆ. ಇಂಥ ದುಡಿಮೆಗಾರನನ್ನು ಯಾವ ಮಾಲೀಕ ತಾನೆ ಮೆಚ್ಚುವುದಿಲ್ಲ? ಆದರೆ ಈ ಮೌನವೇ ನಮಗೆ ಮೃತ್ಯು. ಯಕೃತ್ತು ಕೂಗಿಕೊಳ್ಳುವ ಹೊತ್ತಿಗೆ ಬಹುಪಾಲು ಕಾಲ ಮೀರಿರುತ್ತದೆ.

ಮಾರುವವನೇ ಬುದ್ಧಿ ಹೇಳಿದರೆ

ಮೊದಲು ಮದ್ಯದ ಮಾತನ್ನೇ ಆಡೋಣ. ಅದನ್ನು ಮರೆಮಾಚುವ ಅಗತ್ಯ ನಮಗಿಲ್ಲ.

ಒಂದು ಕ್ವಾರ್ಟರ್ ಎಂದರೆ 180 ಮಿಲಿಲೀಟರ್. ಅದರಲ್ಲಿ ನೂರಕ್ಕೆ 42.8 ಪಾಲು ಮದ್ಯಸಾರ. ಲೆಕ್ಕ ಹಾಕಿದರೆ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಒಳಗೆ ಹೋಯಿತು ಎಂದಾಯಿತು. ದಿನಕ್ಕೆ 30 ಗ್ರಾಂ ದಾಟಿ ವರ್ಷಗಟ್ಟಲೆ ಕುಡಿದರೆ ಯಕೃತ್ತಿಗೆ ಅಪಾಯ ಏರುತ್ತಾ ಹೋಗುತ್ತದೆ. ಹೆಂಗಸರಿಗೆ ಅದಕ್ಕಿಂತಲೂ ಕಡಿಮೆ ಸಾಕು. ಅಂದರೆ “ನಾನೇನು ಹೆಚ್ಚು ಕುಡಿಯೋಲ್ಲ, ರಾತ್ರಿಗೆ ಒಂದೇ ಕ್ವಾರ್ಟರ್” ಎನ್ನುವವನು ಆ ಗಡಿಯ ಎರಡರಷ್ಟು ದೂರ ಹೋಗಿ ನಿಂತಿರುತ್ತಾನೆ. ಮೊದಲು ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ; ಈ ಹಂತದಲ್ಲಿ ಕುಡಿತ ಬಿಟ್ಟರೆ ಕೆಲವು ವಾರಗಳಲ್ಲೇ ಕೊಬ್ಬು ಕರಗುತ್ತದೆ. ಆಮೇಲೆ ಉರಿಯೂತ. ಆಮೇಲೆ ಗಾಯದ ಕಲೆ ಕಟ್ಟಿ ಮೃದುವಾದ ಅಂಗ ಗಂಟುಗಂಟಾಗಿ ಗಟ್ಟಿಯಾಗುತ್ತದೆ, ಇದೇ ಸಿರೋಸಿಸ್. ಅಲ್ಲಿಂದ ಪೂರ್ತಿ ಹಿಂದಕ್ಕೆ ಬರುವುದು ಕಷ್ಟ. ಆದರೆ ಅಲ್ಲಿಯೂ ಕುಡಿತ ಬಿಟ್ಟವನು ಬಿಡದವನಿಗಿಂತ ಹೆಚ್ಚು ಕಾಲ ಬದುಕುತ್ತಾನೆ.

ಇದನ್ನು ಬೋಧಿಸುವ ಹಕ್ಕು ವೈದ್ಯರಿಗಿದೆ, ಹೆಂಡತಿಗಿದೆ, ಮಕ್ಕಳಿಗಿದೆ. ಸರಕಾರಕ್ಕೆ ಇದೆಯೆ? 2003ರಿಂದ ರಾಜ್ಯದ ಮದ್ಯದ ಸಗಟು ವ್ಯಾಪಾರವೆಲ್ಲ ಸರಕಾರದ್ದೇ ಆದ ಪಾನೀಯ ನಿಗಮದ ಕೈಯಲ್ಲಿದೆ. ಮಕ್ಕಳಿಗೆ ನೋಟುಪುಸ್ತಕ ಮಾರುವ ಸರಕಾರಿ ಸಂಸ್ಥೆ ಎಂಎಸ್‌ಐಎಲ್ಲೇ ಮದ್ಯದಂಗಡಿಗಳನ್ನೂ ನಡೆಸುತ್ತದೆ. 2025-26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತಬೇಕೆಂದು ಗುರಿ ಇಟ್ಟರು. ಗುರಿ! ಬೆಳೆಗೆ ಗುರಿ ಇಡುವುದುಂಟು, ಬಟ್ಟೆಗೆ ಗುರಿ ಇಡುವುದುಂಟು. ಜನ ಇಷ್ಟು ಕುಡಿಯಲೇಬೇಕೆಂದು ಗುರಿ ಇಟ್ಟುಕೊಂಡ ಸರಕಾರ, ಆಸ್ಪತ್ರೆಯ ಗೋಡೆಯ ಮೇಲೆ ‘ಮದ್ಯಪಾನ ಆರೋಗ್ಯಕ್ಕೆ ಹಾನಿಕರ’ ಎಂದು ಬರೆಸುತ್ತದೆ. ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈಯಲ್ಲಿ ಬುದ್ಧಿವಾದ. ಈ ಎರಡು ಕೈಗಳ ನಡುವೆ ಸಿಕ್ಕಿಬಿದ್ದವನೇ ನಮ್ಮ ದುಡಿಮೆಗಾರ.

ಹಾಗಾದರೆ ಎಲ್ಲವನ್ನೂ ಮುಚ್ಚಿಬಿಡಿ ಎನ್ನುವ ಸಜ್ಜನರಿದ್ದಾರೆ. ನಮ್ಮ ಪಕ್ಷದೊಳಗೂ ಇದ್ದಾರೆ. ಅವರಿಗೆ ಎರಡು ಇಸವಿಗಳನ್ನು ನೆನಪಿಸುತ್ತೇವೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಬಡಜನ ಸತ್ತರು. ಆ ಸಾರಾಯಿಯಲ್ಲಿ ಮಿಥೈಲ್ ಆಲ್ಕೊಹಾಲ್ ಬೆರೆತಿತ್ತು. ಅದನ್ನು ವಿಷವಾಗಿ ಮಾರ್ಪಡಿಸುವುದು ಯಕೃತ್ತೇ: ಬಡಪಾಯಿ ತನ್ನ ಎಂದಿನ ಕೆಲಸ ಮಾಡಲು ಹೋಗಿ ಅದನ್ನು ಫಾರ್ಮಿಕ್ ಆಮ್ಲವಾಗಿಸುತ್ತದೆ, ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಪ್ರಾಣ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದಾಗಿ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಲೂ ತಮಿಳುನಾಡಿನ ಗಡಿಯಲ್ಲೂ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಸಾರಾಯಿಯ ವಿರುದ್ಧ ಹೆಂಗಸರು ಹೂಡಿದ ಹೋರಾಟಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅಂಗಡಿ ಮುಚ್ಚಿ, ಚಟಕ್ಕೆ ಬಿದ್ದವನಿಗೆ ಚಿಕಿತ್ಸೆ ಕೊಡದೆ ಬಿಟ್ಟರೆ ಅವನು ಹೋಗುವುದು ಕತ್ತಲೆಯ ಅಂಗಡಿಗೆ. ಬಹುಕಾಲ ಕುಡಿದವನು ಒಮ್ಮೆಗೇ ಬಿಟ್ಟರೆ ಕೈನಡುಕ, ಫಿಟ್ಸು, ಭ್ರಮೆ ಬರಬಹುದು, ಪ್ರಾಣಕ್ಕೂ ಕುತ್ತು. ಬಿಡಿಸುವುದು ವೈದ್ಯರ ಕೆಲಸ, ಲಾಠಿಯ ಕೆಲಸವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ವಿಭಾಗವಿದೆ. ಒಂದು ನಿಮ್ಹಾನ್ಸ್ ಇಡೀ ರಾಜ್ಯಕ್ಕೆ ಸಾಕೆ?

ಹನಿಯೂ ಮುಟ್ಟದವನಿಗೆ ಯಾಕೆ ಬಂತು?

ಇನ್ನು ‘ಕುಡಿದ, ಸತ್ತ’ ಎಂಬ ತೀರ್ಪಿನ ಎರಡನೆಯ ಸುಳ್ಳನ್ನು ನೋಡೋಣ. ಜೀವಮಾನದಲ್ಲಿ ಹನಿ ಮದ್ಯ ಮುಟ್ಟದ ಹೆಣ್ಣುಮಗಳೂ ಕಾಮಾಲೆಯಿಂದ ಸಾಯುತ್ತಾಳೆ. ಅವಳು ಏನು ಕುಡಿದಳು? ನೀರು ಕುಡಿದಳು.

ಹೆಪಟೈಟಿಸ್ ಎ ಮತ್ತು ಇ ಎಂಬ ವೈರಸ್‌ಗಳು ಬರುವುದು ಮಲ ಬೆರೆತ ನೀರಿನಿಂದ, ಆಹಾರದಿಂದ. ಸ್ವತಂತ್ರ ಭಾರತದ ರಾಜಧಾನಿಯಲ್ಲೇ ಇದರ ಘೋರ ದೃಷ್ಟಾಂತ ನಡೆಯಿತು. 1955ರ ಕೊನೆಯಲ್ಲಿ ಯಮುನೆಯ ನೀರು ಸರಬರಾಜಿನ ವಜೀರಾಬಾದ್ ಕೇಂದ್ರಕ್ಕೆ ಚರಂಡಿಯ ನೀರು ನುಗ್ಗಿತು. 1955-56ರ ಆ ಚಳಿಗಾಲದಲ್ಲಿ ದೆಹಲಿಯಲ್ಲಿ 29,300 ಜನ ಕಾಮಾಲೆಗೆ ಬಿದ್ದರು. ಅದು ಹೆಪಟೈಟಿಸ್ ಇ ಎಂದು ತಿಳಿದದ್ದು ದಶಕಗಳ ಅನಂತರ, ಕಾದಿಟ್ಟಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ. ಈ ರೋಗ ಬಹುತೇಕರಲ್ಲಿ ತಾನಾಗಿ ವಾಸಿಯಾಗುತ್ತದೆ. ಆದರೆ ತುಂಬು ಗರ್ಭಿಣಿಯರಿಗೆ ಬಂದರೆ ನೂರರಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಮಂದಿ ಸಾಯಬಹುದು. ಬಸಿರಿಯರು ದುಡಿಯುವ ಗಾರ್ಮೆಂಟ್ ಕಾರ್ಖಾನೆಯ ಕುಡಿಯುವ ನೀರಿನ ತೊಟ್ಟಿಯನ್ನು ಯಾವತ್ತು ತೊಳೆದರು ಎಂಬ ಪ್ರಶ್ನೆ, ಈ ಲೆಕ್ಕದಲ್ಲಿ, ಪ್ರಾಣದ ಪ್ರಶ್ನೆ.

ಬೆಂಗಳೂರಿಗೆ ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ ಬರುತ್ತದೆ. ಬರುವಾಗ ಶುದ್ಧವಾಗಿಯೇ ಬರುತ್ತದೆ ಎನ್ನೋಣ. ಓಣಿಯೊಳಗೆ ಹಳೆಯ ಕೊಳವೆಯೂ ಚರಂಡಿಯೂ ಪಕ್ಕಪಕ್ಕ ಮಲಗಿರುತ್ತವೆ. ದಿನ ಬಿಟ್ಟು ದಿನ ನೀರು ಬಿಟ್ಟರೆ, ನೀರು ನಿಂತ ಹೊತ್ತಿನಲ್ಲಿ ಕೊಳವೆಯೊಳಗಿನ ಒತ್ತಡ ಇಳಿದು, ಬಿರುಕಿನ ಮೂಲಕ ಚರಂಡಿಯ ನೀರನ್ನು ಅದೇ ಒಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನ ಮೊದಲು ಬರುವ ಕೊಡದಲ್ಲಿ ಏನಿದೆಯೆಂದು ಮೂಗೇ ಹೇಳುತ್ತದೆ. ಪಶ್ಚಿಮ ಬೆಂಗಳೂರಿನ ಹೊಲಸನ್ನೆಲ್ಲ ಹೊತ್ತು ಮೈಸೂರು ರಸ್ತೆಯ ಬದಿಯಲ್ಲಿ ಹರಿಯುವ ವೃಷಭಾವತಿ ಒಂದು ಕಾಲಕ್ಕೆ ನದಿಯಾಗಿತ್ತು. ನದಿಯನ್ನು ಚರಂಡಿ ಮಾಡಿದವರು ಕಾಮಾಲೆ ಬಂದವನಿಗೆ “ಕುದಿಸಿ ಆರಿಸಿದ ನೀರು ಕುಡಿ” ಎನ್ನುತ್ತಾರೆ. ಕುದಿಸೋಣ, ಕುದಿಸಲೇಬೇಕು. ಗ್ಯಾಸಿನ ದುಡ್ಡು ಕೊಡುವವರು ಯಾರು?

ಮೂರನೆಯದು ರಕ್ತದ ದಾರಿ. ಹೆಪಟೈಟಿಸ್ ಬಿ ಮತ್ತು ಸಿ ಹರಡುವುದು ಸೋಂಕಿನ ರಕ್ತದಿಂದ: ಶುದ್ಧ ಮಾಡದ ಸೂಜಿ, ಒಬ್ಬರಿಂದ ಒಬ್ಬರಿಗೆ ಹೋಗುವ ಕ್ಷೌರದ ಬ್ಲೇಡು, ಜಾತ್ರೆಯ ಹಚ್ಚೆ, ಪರೀಕ್ಷಿಸದ ರಕ್ತ. ಬಿ ವೈರಸ್ ತಾಯಿಯಿಂದ ಹಸುಗೂಸಿಗೂ, ಕೂಡುವಿಕೆಯಿಂದಲೂ ಹರಡುತ್ತದೆ. ಈ ಎರಡೂ ಹತ್ತಿಪ್ಪತ್ತು ವರ್ಷ ಸುಮ್ಮನೆ ಕುಳಿತು ಕೊನೆಗೆ ಸಿರೋಸಿಸ್ ತರಬಲ್ಲವು, ಯಕೃತ್ತಿನ ಕ್ಯಾನ್ಸರ್ ತರಬಲ್ಲವು. ಕ್ಷೌರದಂಗಡಿಯ ಬಂಧುಗಳೇ, ಒಂದು ಬ್ಲೇಡಿಗೆ ಒಂದೇ ಮುಖ ಎಂಬ ನಿಯಮ ನಿಮ್ಮ ಗಿರಾಕಿಗಷ್ಟೇ ಅಲ್ಲ, ನಿಮ್ಮ ಬೆರಳಿಗೂ ರಕ್ಷೆ.

ನಾಲ್ಕನೆಯದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಸಣ್ಣ ವ್ಯಾಪಾರಿಯ ರೋಗ. ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ಕುಳಿತೇ ಇರುವುದು, ಸಕ್ಕರೆ ತುಂಬಿದ ಚಹಾ ಹತ್ತು ಸಲ, ಊಟವೆಂದರೆ ಬರೀ ಅನ್ನ, ಜೊತೆಗೊಂದು ಕರಿದ ತಿಂಡಿ. ಹೊಟ್ಟೆ ಬರುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಯಕೃತ್ತಿನೊಳಗೂ ಕೊಬ್ಬು ಕೂಡುತ್ತದೆ. ಮದ್ಯ ಮುಟ್ಟದವನಿಗೂ ಮದ್ಯಪಾನಿಯ ಯಕೃತ್ತೇ ಆಗುತ್ತದೆ. 2021ರಲ್ಲಿ ಕೇಂದ್ರ ಸರಕಾರವೇ ಇದನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು.

ಐದನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಕಾರ್ಖಾನೆಯ ವಿಷ. ಬಟ್ಟೆಯ ಕಲೆ ತೆಗೆಯುವ ಕ್ಲೋರಿನ್ ಬೆರೆತ ದ್ರಾವಕಗಳು, ಕೃತಕ ಚರ್ಮದ ಕೆಲಸದಲ್ಲಿ ಬಳಸುವ ದ್ರಾವಕಗಳು ಉಸಿರಿನಿಂದಲೂ ಚರ್ಮದಿಂದಲೂ ಒಳಹೊಕ್ಕು ಯಕೃತ್ತನ್ನು ಸುಡಬಲ್ಲವು. ಇದು ನಮ್ಮ ಕಲ್ಪನೆಯಲ್ಲ. 1948ರ ಕಾರ್ಖಾನೆ ಕಾಯಿದೆಯ ಮೂರನೇ ಅನುಸೂಚಿಯಲ್ಲಿ, ಸರಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯೊಳಗೆ, ‘ವಿಷವಸ್ತುಗಳಿಂದ ಬರುವ ಕಾಮಾಲೆ’ ಎಂದು ಕಂಠೋಕ್ತವಾಗಿ ಬರೆದಿದ್ದರು. 2020ರ ಸಂಹಿತೆಯೂ ಅದನ್ನು ಪಟ್ಟಿಯಿಂದ ತೆಗೆದಿಲ್ಲ. ಕಾಮಾಲೆ ಬಂದ ಕಾರ್ಮಿಕನನ್ನು “ಎಷ್ಟು ಕುಡೀತೀಯ?” ಎಂದು ಕೇಳುವ ವೈದ್ಯರು ಬಹಳ. “ಏನು ಕೆಲಸ ಮಾಡ್ತೀಯ, ಯಾವ ದ್ರಾವಕ ಮುಟ್ಟುತ್ತೀಯ?” ಎಂದು ಕೇಳುವವರು ಎಷ್ಟು ಮಂದಿ? ಕೇಳದಿದ್ದರೆ ವರದಿಯಿಲ್ಲ, ವರದಿಯಿಲ್ಲದಿದ್ದರೆ ರೋಗವೂ ಇಲ್ಲ, ಪರಿಹಾರವೂ ಇಲ್ಲ. ಲೆಕ್ಕ ಚೊಕ್ಕಟ!

ಲಕ್ಷಣಗಳು: ಯಾವುದಕ್ಕೆ ಹೆದರಬೇಕು

ಮೊದಮೊದಲು ಏನೂ ಇರುವುದಿಲ್ಲ. ಇದ್ದರೂ ಆಯಾಸ, ಹಸಿವಿಲ್ಲದಿರುವುದು, ವಾಕರಿಕೆ, ಬಲಪಕ್ಕೆಯಲ್ಲಿ ಭಾರ. ದುಡಿಯುವವನಿಗೆ ಆಯಾಸ ಹೊಸದೇ? ಅದನ್ನವನು ಲೆಕ್ಕಕ್ಕೇ ಇಡುವುದಿಲ್ಲ. ಆಮೇಲೆ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ, ಕಣ್ಣಿನ ಬಿಳಿಭಾಗ ಹಳದಿಯಾಗುತ್ತದೆ, ಮೈ ತುರಿಸುತ್ತದೆ. ಮಲ ಸುಣ್ಣದಂತೆ ಬಿಳಿಚಿದರೆ ಪಿತ್ತನಾಳ ಕಟ್ಟಿರಬಹುದು. ರೋಗ ಬಲಿತಾಗ ಕಾಲು ಊದುತ್ತದೆ, ಜಲೋದರವಾಗಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ತೋಳು ತೊಡೆ ಸೊರಗುತ್ತವೆ, ಅಂಗೈ ಕೆಂಪಾಗುತ್ತದೆ, ಎದೆಯ ಮೇಲೆ ಜೇಡರ ಬಲೆಯಂಥ ಕೆಂಪು ನರಗಳು ಕಾಣುತ್ತವೆ.

ಈ ಮೂರನ್ನು ಕಂಡರೆ ಒಂದು ಗಂಟೆಯೂ ಕಾಯಬಾರದು: ರಕ್ತ ವಾಂತಿ, ಡಾಂಬರಿನಂಥ ಕರಿ ಮಲ, ಬುದ್ಧಿ ಮಂಕಾಗುವುದು. ಮೂರನೆಯದನ್ನು ಮನೆಯವರು ಮನಸ್ಸಿಟ್ಟು ಓದಬೇಕು. ಯಕೃತ್ತು ಸೋತಾಗ ರಕ್ತದಲ್ಲಿ ಉಳಿದ ವಿಷ ಮಿದುಳಿಗೆ ಏರುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ, ತೊದಲು ಮಾತು, ಕೈ ಚಾಚಿದರೆ ಹಕ್ಕಿಯ ರೆಕ್ಕೆಯಂತೆ ಬಡಿತ, ತೂರಾಟ. ನೋಡಿದವರು ಏನೆನ್ನುತ್ತಾರೆ? “ಮತ್ತೆ ಕುಡಿದು ಬಂದ.” ಕುಡಿತ ಬಿಟ್ಟು ತಿಂಗಳಾದವನನ್ನೂ ಜಗಲಿಯ ಮೇಲೆ ಮಲಗಲು ಬಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಬೆಳಗಾಗುವುದರಲ್ಲಿ ಅವನಿಲ್ಲ. ಆ ಹಳೆಯ ಎರಡು ಪದಗಳು ಇಲ್ಲಿ ಬರೀ ನಿಂದೆಯಾಗಿ ಉಳಿಯಲಿಲ್ಲ, ಕೊಂದೇ ಹಾಕಿದವು.

ಮತ್ತೊಂದು ಮಾತು. ಕಾಮಾಲೆಗೆ ಬರೆ ಹಾಕಿಸುವುದು, ಕಣ್ಣಿಗೆ ಸೊಪ್ಪಿನ ರಸ ಬಿಡುವುದು ನಮ್ಮ ನಾಡಿನಲ್ಲಿ ಇನ್ನೂ ನಿಂತಿಲ್ಲ. ಎ ವೈರಸ್ಸಿನ ಕಾಮಾಲೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹೆಸರು ಬರೆ ಹಾಕಿದವನಿಗೆ ಬರುತ್ತದೆ. ಬಿ, ಸಿ, ಸಿರೋಸಿಸ್ಸು ಇಳಿಯುವುದಿಲ್ಲ. ಅಷ್ಟರಲ್ಲಿ ಚಿಕಿತ್ಸೆಯ ಕಾಲ ಹೋಗಿರುತ್ತದೆ. ಪಥ್ಯವೆಂದು ಗಂಜಿಯ ಮೇಲೇ ಇಟ್ಟು ರೋಗಿಯನ್ನು ಸೊರಗಿಸುವುದೂ ತಪ್ಪು. ಅವನಿಗೆ ಬೇಳೆ, ಮೊಟ್ಟೆ, ಹಾಲಿನಂಥ ಪುಷ್ಟಿಯ ಊಟ ಬೇಕು. ನಾಟಿ ವೈದ್ಯನನ್ನು ಬೈದು ಪ್ರಯೋಜನವಿಲ್ಲ. ಆಸ್ಪತ್ರೆ ದೂರ ಇದ್ದುದರಿಂದ ಅವನು ಹತ್ತಿರವಾದ.

ಚೀಟಿ ಓದಲು ಕಲಿಯಿರಿ

ಸಂಬಳದ ಚೀಟಿಯನ್ನು ಓದಲು ಸಂಘ ನಮಗೆ ಕಲಿಸಿತು. ರಕ್ತ ಪರೀಕ್ಷೆಯ ಚೀಟಿಯನ್ನೂ ಓದಲು ಕಲಿಯಬೇಕು. ಲಿವರ್ ಫಂಕ್ಷನ್ ಟೆಸ್ಟ್ ಎಂಬ ಆ ಕಾಗದದಲ್ಲಿ ಇರುವುದಿಷ್ಟು. ಸಹಜ ಮಿತಿಗಳು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಸ್ವಲ್ಪ ಬೇರೆಯಾಗುತ್ತವೆ, ಪಕ್ಕದಲ್ಲೇ ಬರೆದಿರುತ್ತಾರೆ.

ಬಿಲಿರುಬಿನ್: ಸುಮಾರು 120 ದಿನ ದುಡಿದು ಸತ್ತ ಕೆಂಪು ರಕ್ತಕಣದ ಹಳದಿ ಕಸ. ಯಕೃತ್ತು ಇದನ್ನು ಪಿತ್ತದಲ್ಲಿ ಹೊರಹಾಕಬೇಕು. ಸಹಜವಾಗಿ 1.2ರ ಒಳಗಿರುತ್ತದೆ, ಎರಡೂವರೆ ಮೂರು ದಾಟಿದರೆ ಕಣ್ಣಲ್ಲಿ ಕಾಣುತ್ತದೆ.

ಎಸ್‌ಜಿಒಟಿ, ಎಸ್‌ಜಿಪಿಟಿ: ಇವು ಯಕೃತ್ತಿನ ಜೀವಕೋಶದೊಳಗೆ ಇರಬೇಕಾದ ಕಿಣ್ವಗಳು. ಕೋಶ ಒಡೆದರೆ ರಕ್ತಕ್ಕೆ ಸೋರುತ್ತವೆ. ಸಾಮಾನ್ಯವಾಗಿ 40ರ ಆಸುಪಾಸಿನೊಳಗೆ. ವೈರಸ್ಸಿನ ಕಾಮಾಲೆ ಜೋರಾಗಿದ್ದಾಗ ಸಾವಿರ ದಾಟುವುದುಂಟು. ಮದ್ಯದಿಂದಾದ ಹಾನಿಯಲ್ಲಿ ಅಷ್ಟು ಏರುವುದಿಲ್ಲ. ಆದರೆ ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡರಷ್ಟಾಗಿರುತ್ತದೆ, ಜಿಜಿಟಿ ಎಂಬ ಇನ್ನೊಂದು ಕಿಣ್ವವೂ ಏರಿರುತ್ತದೆ. ಎಚ್ಚರ: ಸಿರೋಸಿಸ್ ಬಲಿತವನಲ್ಲಿ ಒಡೆಯಲು ಕೋಶಗಳೇ ಕಡಿಮೆಯಾಗಿ ಈ ಅಂಕಿಗಳು ಸಹಜವಾಗಿಯೇ ಕಾಣಬಹುದು.

ಆಲ್ಕಲೈನ್ ಫಾಸ್ಫಟೇಸ್: ಇದು ಬಹಳ ಏರಿದರೆ ಪಿತ್ತನಾಳದ ಅಡಚಣೆಯನ್ನು ಶಂಕಿಸಬೇಕು. ಮೂಳೆಯ ಕಾಯಿಲೆಯಲ್ಲೂ ಏರುತ್ತದೆ.

ಆಲ್ಬುಮಿನ್, ಪಿಟಿ-ಐಎನ್‌ಆರ್: ಮೇಲಿನವು ಹಾನಿಯನ್ನು ಹೇಳಿದರೆ ಇವು ಕೆಲಸವನ್ನು ಹೇಳುತ್ತವೆ. ಆಲ್ಬುಮಿನ್ ಯಕೃತ್ತು ತಯಾರಿಸುವ ಸಸಾರಜನಕ, 3.5ಕ್ಕಿಂತ ಕೆಳಗಿಳಿದರೆ ಕಾರ್ಖಾನೆಯ ಉತ್ಪಾದನೆ ಕುಸಿದಿರಬಹುದು. ಪಿಟಿ ಎಂದರೆ ರಕ್ತ ಹೆಪ್ಪುಗಟ್ಟುವ ವೇಳೆ. ಅದು ಉದ್ದವಾದರೆ ಅಪಾಯ ಹತ್ತಿರ.

ಪ್ಲೇಟ್ಲೆಟ್: ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಬರುತ್ತದೆ. ಒಂದೂವರೆ ಲಕ್ಷಕ್ಕಿಂತ ಕೆಳಗೆ ಬಹುಕಾಲ ನಿಂತಿದ್ದರೆ ಯಕೃತ್ತು ಗಟ್ಟಿಯಾಗಿ ಗುಲ್ಮ ದೊಡ್ಡದಾಗಿರುವ ಸುಳಿವು ಇರಬಹುದು.

ಎಚ್‌ಬಿಎಸ್‌ಎಜಿ, ಆಂಟಿ-ಎಚ್‌ಸಿವಿ: ಮೊದಲನೆಯದು ಬಿ ವೈರಸ್ಸಿನ ಗುರುತು, ಎರಡನೆಯದು ಸಿ ವೈರಸ್ಸಿನದು. ಆಯುಸ್ಸಿನಲ್ಲಿ ಒಮ್ಮೆಯಾದರೂ ಎಲ್ಲರೂ ಮಾಡಿಸಿಕೊಳ್ಳಬೇಕು.

ಇದರಲ್ಲಿ ಒಂದು ಸುಲಭ ಲೆಕ್ಕವಿದೆ. ವೈದ್ಯರು ಅದನ್ನು ಫಿಬ್-4 ಎನ್ನುತ್ತಾರೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್ಲೆಟ್ಟನ್ನು (ಸಾವಿರದ ಲೆಕ್ಕದಲ್ಲಿ) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನಲವತ್ತೈದು ವಯಸ್ಸು, ಎಸ್‌ಜಿಒಟಿ 80, ಎಸ್‌ಜಿಪಿಟಿ 36, ಪ್ಲೇಟ್ಲೆಟ್ 1,20,000 ಎನ್ನೋಣ. 45 × 80 = 3,600. 120 × 6 = 720. ಉತ್ತರ 5. ಇದು 1.3ಕ್ಕಿಂತ ಕಡಿಮೆಯಿದ್ದರೆ ಯಕೃತ್ತು ಬಹಳ ಗಟ್ಟಿಯಾಗಿರುವ ಸಂಭವ ಕಡಿಮೆ, 2.67 ದಾಟಿದರೆ ತಜ್ಞರನ್ನು ಕಾಣಲೇಬೇಕು. ಈ ಲೆಕ್ಕ ರೋಗನಿರ್ಣಯವಲ್ಲ, ಎಚ್ಚರಿಕೆಯ ಗಂಟೆ. ದಿನಸಿ ಅಂಗಡಿಯ ಬಾಕಿ ಲೆಕ್ಕ ಬಲ್ಲವನು ಇದನ್ನೂ ಮಾಡಬಲ್ಲ.

ಈ ಕಿಣ್ವಗಳ ಪರೀಕ್ಷೆ ವೈದ್ಯಲೋಕಕ್ಕೆ ಬಂದದ್ದು 1950ರ ದಶಕದಲ್ಲಿ. ಬಿ ವೈರಸ್ಸಿನ ಗುರುತನ್ನು ಬ್ಲೂಂಬರ್ಗ್ ಎಂಬ ವಿಜ್ಞಾನಿ ಕಂಡುಹಿಡಿದದ್ದು 1965ರ ಹೊತ್ತಿಗೆ. 1976ರಲ್ಲಿ ಅವರಿಗೆ ನೊಬೆಲ್ ಬಂತು. ಬಿನ್ನಿ ಗಿರಣಿಯ ಮಗ್ಗಗಳು ಓಡುತ್ತಿದ್ದ ಕಾಲದ ವಿದ್ಯೆಯಿದು. ಆ ಗಿರಣಿ ಮುಚ್ಚಿ, ಅದರ ನೆಲ ಮಾಲಾಗುವಷ್ಟು ಕಾಲ ಕಳೆದರೂ, ಈ ಚೀಟಿ ದುಡಿಯುವವನ ಕೈಗೆ ಬರುವುದು ಅವನ ಹೊಟ್ಟೆ ಊದಿದ ಮೇಲೆ. ವಿಜ್ಞಾನ ತಡವಾಗಿ ಬಂತು ಎನ್ನಬೇಡಿ. ತಡಮಾಡಿದ್ದು ವ್ಯವಸ್ಥೆ.

ಇರುವ ಹಕ್ಕು, ಬೇಕಾದ ಹಕ್ಕು

ಇರುವ ಹಕ್ಕುಗಳನ್ನು ಮೊದಲು ತಿಳಿಯೋಣ. ಇಎಸ್‌ಐ ಕಾರ್ಡುಳ್ಳ ಕಾರ್ಮಿಕನ ಸಂಬಳದಿಂದ 2019ರ ಜುಲೈಯಿಂದ ನೂರಕ್ಕೆ ಮುಕ್ಕಾಲು ರೂಪಾಯಿ ಮುರಿಯುತ್ತಾರೆ, ಮಾಲೀಕ ಮೂರೂಕಾಲು ಕಟ್ಟುತ್ತಾನೆ. ಹೀಗಾಗಿ ಅಲ್ಲಿನ ಚಿಕಿತ್ಸೆ ಭಿಕ್ಷೆಯಲ್ಲ, ನಮ್ಮದೇ ದುಡ್ಡು. ಕಾಯಿಲೆ ರಜೆಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70 ಪಾಲು ಸಿಗಬೇಕು. ಜಲೋದರ ಸಹಿತ ಸಿರೋಸಿಸ್ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದೆ. ನಿಯಮದಂತೆ ಚಂದಾ ಕಟ್ಟಿದವನಿಗೆ ನೂರಕ್ಕೆ 80ರಂತೆ ಎರಡು ವರ್ಷದವರೆಗೂ ನೆರವಿದೆ. ಎಷ್ಟು ಮನೆಗಳಿಗೆ ಇದು ಗೊತ್ತು?

2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಪರೀಕ್ಷೆಯೂ ಔಷಧಿಯೂ ಉಚಿತ. ಸಿ ವೈರಸ್ ಸಾಮಾನ್ಯವಾಗಿ ಹನ್ನೆರಡು ವಾರದ ಮಾತ್ರೆಯಿಂದ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ಪೂರ್ತಿ ವಾಸಿಯಾಗುತ್ತದೆ. ಬಿ ವೈರಸ್ ಬೇರು ಸಮೇತ ಹೋಗುವುದು ಅಪರೂಪವಾದರೂ ದಿನಕ್ಕೊಂದು ಮಾತ್ರೆಯಿಂದ ಅದನ್ನು ಕಟ್ಟಿಹಾಕಬಹುದು. ಮೂರು ಚುಚ್ಚುಮದ್ದಿನಿಂದ ಬಾರದಂತೆಯೇ ತಡೆಯಬಹುದು. ಹುಟ್ಟಿದ ಮಗುವಿಗೆ ಇಪ್ಪತ್ತನಾಲ್ಕು ಗಂಟೆಯೊಳಗೆ ಹಾಕಿಸಲೇಬೇಕು.

ಆದರೆ ಇಎಸ್‌ಐ ಬಾಗಿಲ ಹೊರಗಿರುವ ಹಮಾಲಿ, ಆಟೋ ಚಾಲಕ, ಗೂಡಂಗಡಿಯವನ ಗತಿಯೇನು? ಸರಕಾರದ ಆರೋಗ್ಯ ಕಾರ್ಡು ಮುಖ್ಯವಾಗಿ ಆಸ್ಪತ್ರೆಗೆ ಸೇರಿದವನ ಖರ್ಚಿಗೆ. ಸೇರದಂತೆ ತಡೆಯಬಲ್ಲ ಪರೀಕ್ಷೆಯ ಖರ್ಚು ಅವನದೇ. ಮುಳುಗಿದ ಮೇಲೆ ದೋಣಿ ಕಳಿಸುವ ಈ ಜಾಣತನಕ್ಕೆ ಕಲ್ಯಾಣ ರಾಜ್ಯವೆಂದು ಹೆಸರು!

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನಲವತ್ತು ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಎಂದು ಕೇಂದ್ರ ಸರಕಾರ ಸಾರಿದೆ. ಅದರಲ್ಲಿ ಯಕೃತ್ತಿನ ಪರೀಕ್ಷೆಯೂ ಬಿ, ಸಿ ಪರೀಕ್ಷೆಯೂ ಕಡ್ಡಾಯವಾಗಿ ಇರಬೇಕು. ಚೀಟಿಯ ಪ್ರತಿ ಕಾರ್ಮಿಕನ ಕೈಗೆ, ಕನ್ನಡದ ವಿವರಣೆಯೊಂದಿಗೆ, ಬರಬೇಕು. ಮಾಲೀಕನ ಕೈಗೆ ಹೋಗಕೂಡದು. ರೋಗದ ನೆಪದಲ್ಲಿ ಕೆಲಸ ತೆಗೆಯಕೂಡದು.

2. ಸಣ್ಣ ವ್ಯಾಪಾರಿಗಳಿಗೂ ಅಸಂಘಟಿತರಿಗೂ ವಾರ್ಡಿನ ಸರಕಾರಿ ಚಿಕಿತ್ಸಾಲಯದಲ್ಲೇ ಇದೇ ಪರೀಕ್ಷೆಗಳು ಉಚಿತವಾಗಿ ದೊರೆಯಬೇಕು.

3. ಅಬಕಾರಿಯ ಹಣದಲ್ಲಿ ಒಂದು ನಿಗದಿಯಾದ ಪಾಲನ್ನು ಪ್ರತಿ ಜಿಲ್ಲೆಯ ಆಸ್ಪತ್ರೆಯಲ್ಲಿ ಮದ್ಯಚಟ ಬಿಡಿಸುವ ಹಾಸಿಗೆಗಳಿಗೂ ಯಕೃತ್ತಿನ ಚಿಕಿತ್ಸೆಗೂ ಮೀಸಲಿಡಬೇಕು. ರೋಗ ಮಾರಿ ಗಳಿಸಿದವರು ಮದ್ದಿಗೂ ಕೊಡಲಿ.

4. ಕೊಳವೆಯನ್ನು ಚರಂಡಿಯಿಂದ ಬೇರ್ಪಡಿಸಬೇಕು. ಓಣಿಯ ನಲ್ಲಿಯ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಓಣಿಯಲ್ಲೇ ಬರೆದು ಹಾಕಬೇಕು.

5. ಕಾರ್ಖಾನೆಯಲ್ಲಿ ಬಳಸುವ ದ್ರಾವಕಗಳ ಹೆಸರನ್ನು ಕನ್ನಡದಲ್ಲಿ ಗೋಡೆಗೆ ಬರೆಸಬೇಕು. ಕಾಮಾಲೆ ಬಂದ ಪ್ರತಿ ಕಾರ್ಮಿಕನ ಕೆಲಸದ ವಿವರವನ್ನು ವೈದ್ಯರು ಕೇಳಿ ದಾಖಲಿಸಬೇಕು.

ಇವುಗಳಲ್ಲಿ ಯಾವುದೂ ಆಕಾಶದ ನಕ್ಷತ್ರವಲ್ಲ. ಕಾನೂನು ಅರ್ಧ ಇದೆ, ಔಷಧಿ ಇದೆ, ಪರೀಕ್ಷೆ ಇದೆ, ದುಡ್ಡಂತೂ ಬಾಟಲಿಗಟ್ಟಲೆ ಇದೆ. ಇಲ್ಲದಿರುವುದು ನಮ್ಮ ಒತ್ತಾಯ. ಸಂಘದ ಮುಂದಿನ ಸಭೆಯಲ್ಲಿ ಬೋನಸ್ಸಿನ ಜೊತೆ ಬಿಲಿರುಬಿನ್ನಿನ ಮಾತೂ ಬರಲಿ. ನಗುವವರು ನಗಲಿ.

ಮತ್ತೆ ಸಾವಿನ ಮನೆಯ ಮುಂದೆ ನಿಂತಾಗ ಯಾರಾದರೂ “ಕುಡಿದ, ಸತ್ತ” ಎಂದರೆ ಸುಮ್ಮನಿರಬೇಡಿ. ಮಾರಿದವರು ಯಾರು, ಆ ನೀರು ಬಿಟ್ಟವರು ಯಾರು, ಪರೀಕ್ಷೆ ಮಾಡದೆ ಬಿಟ್ಟವರು ಯಾರು ಎಂದು ಕೇಳಿ. ಕೇಳಿದ ಮೇಲೆ, ಸತ್ತವನ ತಮ್ಮನನ್ನೋ ಹೆಂಡತಿಯನ್ನೋ ಕೈಹಿಡಿದು ಮರುದಿನವೇ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿ. ಹೋದವನಿಗೆ ನ್ಯಾಯ ದೊರಕುವುದು ಉಳಿದವರು ಬದುಕಿದಾಗ.